ಘಟ್ಟದ ಮಳೆ, ಗಜನಿಯ ಭತ್ತ

ನಮಸ್ಕಾರ. ಅಘನಾಶಿನಿ ನದಿ ಎಲ್ಲಿದೆ ಅಂತ ಕೇಳಿದರೆ ಎಲ್ಲರೂ ಕುಮಟಾದ ಕಡೆ ಕೈ ತೋರಿಸುತ್ತಾರೆ. ತದಡಿ ಬಂದರು, ಮಿರ್ಜಾನ ಕೋಟೆ, ಸಾಣಿಕಟ್ಟಾದ ಉಪ್ಪು. ಸರಿ, ಆದರೆ ಅದು ಬಾಲ. ತಲೆ ಇರುವುದು ಘಟ್ಟದ ಮೇಲೆ, ಸಿರ್ಸಿ ಪೇಟೆಯ ಶಂಕರ ಹೊಂಡದಲ್ಲಿ. ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನನಗೆ ಬೇಜಾರಿಲ್ಲ.

ಸಿರ್ಸಿ ತಾಲೂಕು ಒಂದು ಮನೆಯ ಇಳಿಜಾರು ಮಾಡು ಇದ್ದ ಹಾಗೆ, ನೀರು ಎರಡು ಕಡೆಗೆ ಇಳಿಯುತ್ತದೆ. ಬನವಾಸಿ ಕಡೆ ಬಿದ್ದ ಹನಿ ವರದಾ ಸೇರಿ, ತುಂಗಭದ್ರೆ, ಕೃಷ್ಣೆ ಅಂತ ಊರೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಂಕರ ಹೊಂಡದ ಕಡೆ ಬಿದ್ದದ್ದು ಉಂಚಳ್ಳಿ ಜಲಪಾತದಲ್ಲಿ 116 ಮೀಟರ್ ಕೆಳಗೆ ಧುಮುಕಿ ನಮ್ಮ ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ ಬರುತ್ತದೆ. ಹೀಗೆ ನಮ್ಮ ಕಡೆಗೆ ನೀರು ಇಳಿಸುವ ನೆಲವನ್ನೆಲ್ಲ ಜಲಾನಯನ ಅಂತಾರೆ. ಹೆಸರು ದೊಡ್ಡದು, ಸಂಗತಿ ಇಷ್ಟೇ.

ಕೆಲವು ವರ್ಷದ ಹಿಂದೆ, ಜೂನ್ ತಿಂಗಳು. ಕುಮಟಾದ ಹತ್ತಿರ ಒಂದು ಗಜನಿಯ ಬದುವಿನ ಮೇಲೆ ನಿಂತಿದ್ದೆ. ಗಜನಿ ಅಂದರೆ ಭರತದಲ್ಲಿ, ಕಡಲು ಉಕ್ಕಿ ಬಂದಾಗ, ಉಪ್ಪು ನೀರು ಹತ್ತುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ನನ್ನ ಕೈಯಲ್ಲಿ ಉಪ್ಪಿನಂಶ ಅಳೆಯುವ ಮೀಟರು, ತಲೆ ಮೇಲೆ ಕೊಡೆ, ಮಳೆ ಧೋ ಅಂತ ಸುರಿಯುತ್ತಿತ್ತು. 'ಅಜ್ಜೀ, ಬೀಜ ನೆನೆಹಾಕಿದ್ರಾ?' ಅಂತ ಗದ್ದೆಯಲ್ಲಿದ್ದ ಅಜ್ಜಿಯನ್ನು ಕೇಳಿದೆ. ಆಕೆ ಕೆಸರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಥೂ ಅಂತ ಉಗಿದರು. 'ಇಲ್ಲ ತಮಾ, ಘಟ್ಟದ ಮೇಲೆ ಇನ್ನೂ ಮಳೆ ಹೊಡೀಲಿಲ್ಲ.'

ಇಲ್ಲಿ ನಾನು ನೆನೆದು ತೊಪ್ಪೆಯಾಗಿದ್ದೇನೆ, ಅಜ್ಜಿಗೆ ಘಟ್ಟದ ಚಿಂತೆ! ವಾರ ಬಿಟ್ಟು ಮತ್ತೆ ಹೋದೆ. ಹೊಳೆ ಕೆಂಪು ಕೆಂಪಾಗಿ ತುಂಬಿ ಬರುತ್ತಿತ್ತು. ಮತ್ತೆ ಬೆರಳು, ಮತ್ತೆ ನಾಲಿಗೆ. ಈ ಸಲ ಉಗಿಯಲಿಲ್ಲ. ಬುಟ್ಟಿ ತರೋಕೆ ಮೊಮ್ಮಗನನ್ನು ಕೂಗಿದರು. ನನ್ನ ಮೀಟರು? ಅದರ ಸೆಲ್ ಸತ್ತಿತ್ತು.

ಕಗ್ಗ ಉಪ್ಪು ತಡೆಯುತ್ತದೆ, ನಿಜ. ಆದರೆ ಎಳೆ ಸಸಿಗೆ ಮೊದಲು ಸಿಹಿ ನೀರು ಬೇಕು. ಗದ್ದೆಯ ಉಪ್ಪು ತೊಳೆಯುವಷ್ಟು ನೀರು ಬರೀ ಕುಮಟಾದ ಮಳೆಯಿಂದ ಸಾಲದು, ಮೇಲಿನಿಂದಲೇ ಬರಬೇಕು. ನದಿಗೆ ಅಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಬರುತ್ತದೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಹೊತ್ತಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಅಳಿವೆಯ ಬಳಚು ಅನ್ನುವ ಚಿಪ್ಪುಜೀವಿ, ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಎಲ್ಲ ಹೇಳಬೇಕೆಂದಿದ್ದೆ. 2024ರಲ್ಲಿ ಈ ಅಳಿವೆಗೆ ರಾಮ್‌ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಅದೂ ಉಳಿಯಿತು. ಸಿರ್ಸಿಯವರು ಕೇಳುತ್ತಿದ್ದರೆ ಒಂದೇ ಮಾತು: ಹೊಂಡಕ್ಕೆ ಕಸ ಎಸೆಯಬೇಡಿ ಮಾರಾಯ್ರೆ. ಕೆಳಗೆ ಅಜ್ಜಿ ಆ ನೀರಿನ ರುಚಿ ನೋಡ್ತಾರೆ. ನಮಸ್ಕಾರ.