ಹಾರಾಟದ ಕೆಲಸ, ಹೆಂಗಸರ ಆರೋಗ್ಯ: ಲೆಕ್ಕ ಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನೀವು ನರ್ಸಿಂಗ್, ಸಮುದಾಯ ವೈದ್ಯಕೀಯ ಓದುತ್ತಿರುವವರು. ನಾಳೆ ನಿಮ್ಮ ಮುಂದೆ ಒಬ್ಬ ಗಗನಸಖಿ ಬಂದು ಕೂರುತ್ತಾಳೆ. ಮುಟ್ಟು ಹಿಂದೆ ಮುಂದೆ ಆಗ್ತಿದೆ, ಎರಡು ಸಲ ಗರ್ಭ ನಿಲ್ಲಲಿಲ್ಲ, ಇದಕ್ಕೆ ನನ್ನ ಕೆಲಸವೇ ಕಾರಣವಾ ಮೇಡಂ ಅಂತ ಕೇಳುತ್ತಾಳೆ. ಕೆಲಸ ಬಿಡಮ್ಮ ಅನ್ನುವುದು ಸುಲಭ. ಸುಮ್ನೆ ತಲೆ ಕೆಡಿಸ್ಕೋಬೇಡ ಅನ್ನುವುದೂ ಸುಲಭ. ಎರಡಕ್ಕೂ ಆಧಾರ ಬೇಕಲ್ವಾ?

ಆಧಾರ ಸಿಗುವುದು ಕಷ್ಟ ಯಾಕೆಂದರೆ, 'ಪ್ರಯಾಣ' ಒಂದೇ ಒಂದು ಸಂಗತಿಯಲ್ಲ. ಅದರೊಳಗೆ ರಾತ್ರಿ ನಿದ್ದೆಗೆಡುವುದಿದೆ, ಬೇರೆ ದೇಶದ ಗಡಿಯಾರಕ್ಕೆ ಮೈ ಒಗ್ಗದಿರುವುದಿದೆ, ಗಂಟೆಗಟ್ಟಲೆ ನಿಂತು ಬಗ್ಗಿ ಟ್ರಾಲಿ ತಳ್ಳುವುದಿದೆ, ಹೊತ್ತಿಲ್ಲದ ಹೊತ್ತಿನ ಊಟವಿದೆ. ಜೊತೆಗೆ ಎತ್ತರದಲ್ಲಿ ಕಾಸ್ಮಿಕ್ ವಿಕಿರಣ, ಅಂದರೆ ಬಾಹ್ಯಾಕಾಶದಿಂದ ಬರುವ ಕಿರಣಗಳು. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂತು, ಅದರ ಪೈಲಟ್‌ಗಳೆಲ್ಲ ಹೆಂಗಸರು, ನಾವೆಲ್ಲ ಹೆಮ್ಮೆಪಟ್ಟೆವು. ಧ್ರುವದ ಕಡೆ ಭೂಮಿಯ ಕಾಂತಕ್ಷೇತ್ರ ಈ ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ, ಹಾಗಾಗಿ ಅಂಥ ದಾರಿಯಲ್ಲಿ ವಿಕಿರಣ ಜಾಸ್ತಿ. ಯುರೋಪಿನಲ್ಲಿ ವಿಮಾನ ಸಿಬ್ಬಂದಿಯನ್ನು ವಿಕಿರಣದ ನಡುವೆ ದುಡಿಯುವವರು ಎಂದೇ ಪರಿಗಣಿಸುತ್ತಾರೆ.

ಇವನ್ನೆಲ್ಲ ಬಿಡಿಸಿ ನೋಡಲು ಒಳ್ಳೆಯ ಪ್ರಯತ್ನ ಮಾಡಿದ್ದು ಅಮೆರಿಕದ ನಿಯೋಶ್, ಅಂದರೆ ಅಲ್ಲಿನ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ. ಅವರ ವರದಿ ಬಂದದ್ದು 2015ರಲ್ಲಿ. 673 ಗಗನಸಖಿಯರು, 840 ಬಸಿರುಗಳು. ನನಗೆ ಇಷ್ಟವಾಗುವುದು ಅವರ ದಾರಿ. 'ನೀವು ಎಷ್ಟು ಹಾರಿದಿರಿ' ಎಂದು ಕೇಳಿ ಅಷ್ಟಕ್ಕೇ ಬಿಡಲಿಲ್ಲ, ವಿಮಾನ ಕಂಪನಿಗಳಿಂದಲೇ ಸುಮಾರು 20 ಲಕ್ಷ ಹಾರಾಟಗಳ ದಾಖಲೆ ತಂದು, ಆಕೆ ಬಸಿರಾದ ಮೊದಲ ವಾರಗಳಲ್ಲಿ ಯಾವ ವಿಮಾನದಲ್ಲಿದ್ದಳು, ಆ ದಾರಿಯಲ್ಲಿ ವಿಕಿರಣ ಎಷ್ಟು, ಆಗ ಅವಳ ಮನೆಯಲ್ಲಿ ಗಂಟೆ ಎಷ್ಟಾಗಿತ್ತು ಎಂದೆಲ್ಲ ಲೆಕ್ಕ ಹಾಕಿದರು. ಮನೆಯಲ್ಲಿದ್ದಿದ್ದರೆ ಮಲಗಿರುತ್ತಿದ್ದ ಹೊತ್ತಿನಲ್ಲಿ, ಮೊದಲ ಮೂರು ತಿಂಗಳಲ್ಲಿ 15 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿದವರಲ್ಲಿ ಗರ್ಭಪಾತದ ಅಪಾಯ ಸುಮಾರು ಒಂದೂವರೆ ಪಟ್ಟು ಕಂಡಿತು. ಮೈಮುರಿಯುವ ದುಡಿಮೆಯ ಪಾತ್ರ ಇನ್ನೂ ಎದ್ದು ಕಂಡಿತು. ವಿಕಿರಣದ ಸುಳಿವೂ ಸಿಕ್ಕಿತು, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ. ನೋಡಿ, ಎಲ್ಲರೂ ಹೆದರುವುದು ಕಿರಣಕ್ಕೆ, ಟ್ರಾಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇನ್ನೊಂದು ತೊಡಕು ಯಾರನ್ನು ಎಣಿಸುತ್ತೇವೆ ಎಂಬುದು. ಮಗು ಆದ ಮೇಲೆ ತುಂಬಾ ಜನ ಹಾರುವ ಕೆಲಸ ಬಿಡುತ್ತಾರೆ, ಮಗು ಆಗದವರು ಮುಂದುವರಿಯುತ್ತಾರೆ. ಈಗ ಕೆಲಸದಲ್ಲಿ ಇರುವವರನ್ನಷ್ಟೇ ಎಣಿಸಿದರೆ ಹಾರಾಟದಿಂದಲೇ ಬಂಜೆತನ ಬಂದಂತೆ ಕಾಣುತ್ತದೆ! ನಮ್ಮ ಏರ್ ಇಂಡಿಯಾದಲ್ಲಂತೂ ಹಿಂದೆ ಮೊದಲ ಬಸಿರಿಗೇ ಗಗನಸಖಿಯನ್ನು ಕೆಲಸದಿಂದ ತೆಗೆಯುವ ನಿಯಮವೇ ಇತ್ತು. ಅಲ್ಲಿನ ಗಗನಸಖಿ ನರ್ಗೇಶ್ ಮಿರ್ಜಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿದ್ದು 1981ರಲ್ಲಿ. ಆ ಕಾಲದಲ್ಲಿ ಯಾರಾದರೂ ವಿಮಾನ ಹತ್ತಿ ಇಂಥ ಸಮೀಕ್ಷೆ ಮಾಡಿದ್ದರೆ ತಾಯಂದಿರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆದ್ದರಿಂದ ಕೆಲಸ ಬಿಟ್ಟವರ ಮನೆಗೂ ಹೋಗಿ ಕೇಳಲೇಬೇಕು. ಕೇಳಿದ್ದು ಕಂಪನಿಯ ಕಿವಿಗೆ ಬೀಳಬಾರದು. ಬೀಳುತ್ತದೆ ಎಂಬ ಅನುಮಾನ ಬಂದರೂ ಸಾಕು, ಯಾರೂ ನಿಜ ಹೇಳುವುದಿಲ್ಲ.

ಯಾರ ಜೊತೆ ಹೋಲಿಸುವುದು? ನಿಯೋಶ್‌ನವರು ದೇಹದ ಗಡಿಯಾರದ ಅಧ್ಯಯನದಲ್ಲಿ ಶಿಕ್ಷಕಿಯರನ್ನು ಆರಿಸಿಕೊಂಡು, ಮೂತ್ರ ಪರೀಕ್ಷೆಯಿಂದ ಮೆಲಟೋನಿನ್, ಅಂದರೆ ಮೈಗೆ ರಾತ್ರಿಯಾಯಿತು ಎಂದು ತಿಳಿಸುವ ಹಾರ್ಮೋನಿನ ಏರಿಳಿತ ನೋಡಿದರು. ಇಲ್ಲಿ ಇಂಥ ಅಧ್ಯಯನ ನಾವು ಮಾಡುವುದಾದರೆ, ನಾನು ಶಿಕ್ಷಕಿಯರ ಜೊತೆ ನಮ್ಮ ಕೆಎಸ್‌ಆರ್‌ಟಿಸಿ, ಬಿಎಂಟಿಸಿಯ ಮಹಿಳಾ ಕಂಡಕ್ಟರ್‌ಗಳನ್ನೂ ಸೇರಿಸುತ್ತೇನೆ. ಅವರಿಗೂ ನಿಂತೇ ಕೆಲಸ, ಬೆಳಗಿನ ಜಾವದ ಡ್ಯೂಟಿ. ಕಾಸ್ಮಿಕ್ ವಿಕಿರಣದ ಕಾಟವಿಲ್ಲ, ಜೆಟ್ ಲ್ಯಾಗ್ ಇಲ್ಲ. ಗಗನಸಖಿಯರಲ್ಲಿ ಕಂಡ ತೊಂದರೆ ಇವರಲ್ಲೂ ಅಷ್ಟೇ ಕಂಡರೆ, ಬೆರಳು ಆಕಾಶದ ಕಡೆ ತೋರಿಸುವ ಮೊದಲು ಯೋಚಿಸಬೇಕಾಗುತ್ತದೆ. ಹಾಗೆ ನೋಡಿದರೆ ಈ ಕಂಡಕ್ಟರ್‌ಗಳದೇ ಒಂದು ದೊಡ್ಡ ಪ್ರಶ್ನೆಯೂ ಇದೆ. ದಾರಿಯಲ್ಲಿ ಶೌಚಾಲಯ ಸಿಗದ ಹೆಂಗಸು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ, ಪ್ಯಾಡ್ ಬದಲಿಸಲು ಜಾಗವಿಲ್ಲದೆ ಇಡೀ ದಿನ ಕಳೆಯುತ್ತಾಳೆ. ನಮ್ಮ ಪ್ರಶ್ನಾವಳಿಯಲ್ಲಿ ಇದಕ್ಕೆ ಮೊದಲ ಪುಟದಲ್ಲೇ ಜಾಗ ಕೊಡಿ.

ಕೊನೆಯದಾಗಿ ಮುಟ್ಟಿನ ಲೆಕ್ಕ. ಹೋದ ವರ್ಷ ಮುಟ್ಟು ಹೇಗಿತ್ತು ಅಂತ ಕೇಳಿದರೆ ಯಾರಿಗೆ ನೆನಪಿರುತ್ತದೆ? ದಿನಾ ಫೋನಿನಲ್ಲಿ ಗುರುತು ಹಾಕಿಸಿ, ಅದನ್ನು ಡ್ಯೂಟಿ ಚಾರ್ಟ್ ಪಕ್ಕ ಇಟ್ಟು ನೋಡಿ. ತಾರೀಖು ಬರೆಯುವಾಗ ಯಾವ ಊರಿನ ಸಮಯ ಅನ್ನುವುದನ್ನೂ ಬರೆಸಿ. ಮಾತ್ರೆಯ ವಿಷಯ ಮರೆಯಬೇಡಿ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರ ಸ್ರಾವ ಗುಳಿಗೆಯ ಲೆಕ್ಕದಲ್ಲಿ ಬರುತ್ತದೆ, ಅದನ್ನು ಸಹಜ ಮುಟ್ಟಿನ ಜೊತೆ ಬೆರೆಸಿದರೆ ಎಲ್ಲ ಕಲಸಿಹೋಗುತ್ತದೆ. ಮತ್ತೆ ನಮ್ಮಲ್ಲಿ ಮದುವೆ, ಪೂಜೆ, ದೇವಸ್ಥಾನ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗುವುದು ಮಾಮೂಲು. ಬೇರೆ ದೇಶದ ಪ್ರಶ್ನಾವಳಿಯನ್ನು ಹಾಗೇ ತಂದರೆ ಈ ಪ್ರಶ್ನೆ ಅದರಲ್ಲಿ ಇರಲಿಕ್ಕಿಲ್ಲ. ಮಾತ್ರೆ ತಗೊಂಡಿದ್ದು ಡ್ಯೂಟಿಗೋಸ್ಕರವೋ ಮನೆಯ ಕಾರ್ಯಕ್ಕೋಸ್ಕರವೋ ಅಂತ ಬಿಡಿಸಿ ಕೇಳಿ, ಅತ್ತೆ ಎದುರಿಗೆ ಕೇಳಬೇಡಿ.