ಬಿಟ್ಟ ಕಾರಣ

ಕೇಳುಗರೇ, ನಮಸ್ಕಾರ.

ಪ್ರತಿ ಸರ್ಕಾರಿ ಶಾಲೆಯ ಬೀರುವಿನಲ್ಲೂ ರಟ್ಟು ಹಾಕಿದ ಒಂದು ದಪ್ಪ ಪುಸ್ತಕ ಇರುತ್ತದೆ, ದಾಖಲಾತಿ ಪುಸ್ತಕ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಸೇರಿದ ದಿನ ಎಲ್ಲವನ್ನೂ ಬರೆದ ಮೇಲೆ ಎರಡು ಕಲಂ ಖಾಲಿ ಉಳಿಯುತ್ತವೆ: ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಏಳನೆಯ ತರಗತಿ ಮುಗಿಸಿದ ಮಕ್ಕಳಿಗೆ ಟಿ.ಸಿ. ಕೊಡುವಾಗ ಕಾರಣದ ಕಲಂನಲ್ಲಿ ‘ಮುಂದಿನ ವ್ಯಾಸಂಗಕ್ಕಾಗಿ’ ಎಂದು ಬರೆಯುತ್ತಿದ್ದೆ. ಮೇಲಿನ ಹೆಸರಿಗೆ ಒಮ್ಮೆ ಬರೆದು, ಕೆಳಗಿನ ಹೆಸರುಗಳಿಗೆಲ್ಲ ‘ಅದೇ’ ಎಂಬ ಗುರುತು ಹಾಕಿದರೆ ಕೆಲಸ ಮುಗಿಯುತ್ತಿತ್ತು.

ಒಂದು ವರ್ಷ ನವೆಂಬರಿನಲ್ಲಿ ಬೇರೆ ಯಾವುದೋ ಕೆಲಸಕ್ಕೆ ಐದು ಕಿಲೋಮೀಟರ್ ಆಚೆಯ ಪ್ರೌಢಶಾಲೆಗೆ ಹೋಗಿದ್ದೆ. ಎಂಟನೆಯ ತರಗತಿಯ ಹಾಜರಿ ಪುಸ್ತಕ ಮೇಜಿನ ಮೇಲಿತ್ತು. ನಮ್ಮ ಊರಿನ ಮಕ್ಕಳನ್ನು ಹುಡುಕುತ್ತಾ ಬೆರಳಾಡಿಸಿದೆ. ಏಳು ಹೆಸರುಗಳು ಸಿಗಲಿಲ್ಲ. ನನ್ನದೇ ಕೈಬರಹದಲ್ಲಿ ಮುಂದಿನ ವ್ಯಾಸಂಗಕ್ಕೆ ಹೋದ ಏಳು ಮಕ್ಕಳು ಎಲ್ಲಿಗೂ ಹೋಗಿರಲಿಲ್ಲ.

ಮರುದಿನ ಆ ಏಳು ಮಕ್ಕಳಲ್ಲಿ ಒಬ್ಬಳನ್ನು ಹುಡುಕಿಕೊಂಡು ಹೊಲಕ್ಕೆ ಹೋದೆ. ಹತ್ತಿ ಬಿಡಿಸುವ ಕಾಲ. ಹುಡುಗಿ ಉಡಿ ಕಟ್ಟಿಕೊಂಡು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಒಣಗಿದ ಹತ್ತಿಕಾಯಿಯ ತುದಿ ಮುಳ್ಳಿನಂತೆ ಚುಚ್ಚುತ್ತದೆ. ಉಗುರಿನ ಸುತ್ತಲೂ ಗೀರುಗಳಿದ್ದವು. ಸಂಜೆ ತೂಕದ ಹೊತ್ತಿಗೆ ನೋಡಿದರೆ ಹೆಂಗಸರೆಲ್ಲ ಅವಳನ್ನೇ ಸುತ್ತಿಕೊಂಡಿದ್ದರು. ಯಾರು ಎಷ್ಟು ಕಿಲೋ ಬಿಡಿಸಿದರು, ಕಿಲೋಗೆ ಇಷ್ಟರಂತೆ ಎಷ್ಟಾಯಿತು, ವಾರದ ಮುಂಗಡ ಕಳೆದರೆ ಕೈಗೆಷ್ಟು ಬರಬೇಕು ಎಂಬುದನ್ನೆಲ್ಲ ಅವಳು ನಿಂತಲ್ಲೇ ಬಾಯಿಲೆಕ್ಕದಲ್ಲಿ ಹೇಳುತ್ತಿದ್ದಳು. ಒಂದೂ ತಪ್ಪಲಿಲ್ಲ. ಆ ಲೆಕ್ಕ ನಾನೇ ಕಲಿಸಿದ್ದು.

ಅವಳ ತಾಯಿ ಹೇಳಿದ್ದು ಇಷ್ಟು: “ಮಾಸ್ತರರೇ, ಹೈಸ್ಕೂಲಿಗೆ ಹೋಗಬೇಕೆಂದರೆ ಹಳ್ಳ ದಾಟಬೇಕು. ಹುಡುಗಿ ದೊಡ್ಡವಳಾಗಿದ್ದಾಳೆ. ದಾರಿಯಲ್ಲಿ ಏನಾದರೂ ಆದರೆ ನೀವು ಬರುತ್ತೀರಾ?” ನನ್ನಲ್ಲಿ ಉತ್ತರ ಇರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಪ್ರತಿ ಮಗುವಿಗೆ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ. ‘ಕಡ್ಡಾಯ’ ಎಂದ ಕೂಡಲೇ ತಂದೆ ತಾಯಿಯರಿಗೆ ದಂಡ, ಪೊಲೀಸ್ ಎಂದು ಜನ ಹೆದರುತ್ತಾರೆ. ಕಾಯ್ದೆಯ 8ನೆಯ ಕಲಂ ಓದಿದರೆ ಬೇರೆಯೇ ಅರ್ಥ ಸಿಗುತ್ತದೆ: ಕಡ್ಡಾಯ ಇರುವುದು ಸರ್ಕಾರಕ್ಕೆ. ಮಗು ಸೇರಬೇಕು, ದಿನವೂ ಬರಬೇಕು, ಮುಗಿಸಬೇಕು. ಆ ಹೊಣೆ ಸರ್ಕಾರದ ಹೆಗಲ ಮೇಲಿದೆ. ಹಳ್ಳ ದಾಟಿಸುವುದು ಯಾರ ಕೆಲಸ ಎಂದು ಆ ತಾಯಿ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ತೊಡಕು ಇನ್ನೊಂದಿದೆ. ಕಾಯ್ದೆ ಎಂಟರವರೆಗೆ ಎನ್ನುತ್ತದೆ; ನಮ್ಮ ರಾಜ್ಯದಲ್ಲಿ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಹಕ್ಕು ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಮಗು ಊರು ಬಿಟ್ಟು ಬೇರೆ ಶಾಲೆಗೆ ಹೋಗಬೇಕು. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾದಾಗ, ಇದನ್ನು ರೂಪಿಸಿದವರಿಗೆ ಮಕ್ಕಳು ಎಲ್ಲಿ ಜಾರುತ್ತಾರೆಂಬುದು ಗೊತ್ತಿದೆ ಎಂದು ನನಗೆ ಸಂತೋಷವಾಗಿತ್ತು.

ಈ 14 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದಕ್ಕೆ ಹಳೆಯ ಕಥೆಯಿದೆ. ಜ್ಯೋತಿಬಾ ಫುಲೆ 1882ರಲ್ಲಿ, ಶಿಕ್ಷಣದ ಸ್ಥಿತಿ ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ, ಕನಿಷ್ಠ 12 ವರ್ಷದವರೆಗಾದರೂ ಶಿಕ್ಷಣ ಕಡ್ಡಾಯವಾಗಲಿ ಎಂದು ಕೇಳಿದರು. ಬರೋಡಾ ಸಂಸ್ಥಾನ 1906ರಲ್ಲಿ ಅದನ್ನು ಜಾರಿಗೆ ತಂದಿತು. ಗೋಖಲೆಯವರು 1911ರಲ್ಲಿ ಬ್ರಿಟಿಷ್ ಇಂಡಿಯಾದ ಕೇಂದ್ರ ಶಾಸನಸಭೆಯಲ್ಲಿ ಕಡ್ಡಾಯ ಶಿಕ್ಷಣದ ಮಸೂದೆ ತಂದರು. ಕೇಳಿದ್ದು 6ರಿಂದ 10 ವರ್ಷದ ಗಂಡುಮಕ್ಕಳಿಗಾಗಿ ಮಾತ್ರ. ಅದೂ ಮರುವರ್ಷ 13ರ ವಿರುದ್ಧ 38 ಮತಗಳಿಂದ ಬಿದ್ದುಹೋಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು 1913ರಲ್ಲಿ ಆಯ್ದ ಪ್ರದೇಶಗಳಿಗಾಗಿ ಕಾನೂನು ಮಾಡಿತು.

ಸಂವಿಧಾನ ಸಭೆಯಲ್ಲಿ 1948ರ ನವೆಂಬರಿನಲ್ಲಿ ಈ ವಿಷಯ ಚರ್ಚೆಗೆ ಬಂತು. ‘ಶಿಕ್ಷಣ’ ಎಂಬಲ್ಲಿ ‘ಪ್ರಾಥಮಿಕ ಶಿಕ್ಷಣ’ ಎಂದು ತಿದ್ದೋಣ ಎಂಬ ಸಲಹೆಗೆ ಅಂಬೇಡ್ಕರ್ ಒಪ್ಪಲಿಲ್ಲ. ಅವರ ವಾದ ಸರಳವಾಗಿತ್ತು: 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದೆಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ, ಹಾಗಾದರೆ ಆ ವಯಸ್ಸಿನವರೆಗೆ ಮಗು ಇರಬೇಕಾದದ್ದು ಶಾಲೆಯಲ್ಲಿ. ದುಡಿಮೆಯ ಬಾಗಿಲು ಮುಚ್ಚಿದವರು ಶಾಲೆಯ ಬಾಗಿಲು ತೆರೆದಿಡಬೇಕು. ಸಂವಿಧಾನ ಜಾರಿಯಾದ ಹತ್ತು ವರ್ಷಗಳೊಳಗೆ ಇದು ಆಗಬೇಕೆಂದು 45ನೆಯ ವಿಧಿ ಹೇಳಿತು. ಅದು ಹಕ್ಕಾಗಲು 2002ರ ತಿದ್ದುಪಡಿ ಬರಬೇಕಾಯಿತು.

ಅಂಬೇಡ್ಕರರ ಆ ವಾದವನ್ನು ಇಂದಿಗೆ ಇಟ್ಟು ನೋಡಿ. ಇಂದು ಹೆಣ್ಣುಮಗಳ ಮದುವೆಗೆ 18 ತುಂಬಿರಬೇಕು. ಗಣಿ, ಸ್ಫೋಟಕಗಳಂಥ ಅಪಾಯದ ಕೆಲಸಕ್ಕೂ 18. ಮತ ಹಾಕಲು 18. ಆದರೆ ಶಾಲೆಯ ಹಕ್ಕು ಮಾತ್ರ 14ಕ್ಕೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14 ದಾಟಿದವರು ಅಪಾಯಕಾರಿಯಲ್ಲದ ಕೆಲಸದಲ್ಲಿ ದುಡಿಯಬಹುದು. ನಡುವಿನ ಈ ನಾಲ್ಕು ವರ್ಷ ನಮ್ಮ ಮಕ್ಕಳು ಎಲ್ಲಿರಬೇಕು? ಅನುಭವದಿಂದ ಹೇಳುತ್ತೇನೆ, ನಮ್ಮ ಕಡೆ ಬಾಲ್ಯವಿವಾಹದ ಮಾತುಕತೆ ಶುರುವಾಗುವುದು ಹುಡುಗಿ ಶಾಲೆ ಬಿಟ್ಟ ಮೇಲೆ. ದಿನವೂ ಚೀಲ ಹಾಕಿಕೊಂಡು ಹೋಗುವವಳ ಮನೆಗೆ ಗಂಡಿನ ಕಡೆಯವರು ಅಷ್ಟು ಸುಲಭವಾಗಿ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ 1880ರಲ್ಲಿ ಹತ್ತು ವರ್ಷಕ್ಕೆ ಶಾಲೆ ಬಿಡಬಹುದಿತ್ತು. 1947ರಲ್ಲಿ ಅದು 15 ಆಯಿತು, 1972ರಲ್ಲಿ 16. ಈಗ ಅಲ್ಲಿ 18ರವರೆಗೆ ಓದು ಇಲ್ಲವೇ ಕೆಲಸದೊಂದಿಗೆ ತರಬೇತಿ ಇರಲೇಬೇಕು. ನಮ್ಮಲ್ಲೂ ಹಾಗೆಯೇ ಆಗಬಹುದು. ಎಲ್ಲರೂ ಬೀಜಗಣಿತವನ್ನೇ ಓದಬೇಕಿಲ್ಲ. ಐಟಿಐ ಇದೆ, ಪಾಲಿಟೆಕ್ನಿಕ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 18 ವರ್ಷದ ಮಾತನ್ನಾಡುತ್ತದೆ, ಆದರೆ ನೀತಿಯನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು. ಹಕ್ಕನ್ನು ಹಿಡಿದು ಹೋಗಬಹುದು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಹತ್ತನೆಯ ತರಗತಿಯವರೆಗೂ ಇದೆ. ಅನ್ನ ನಡೆದಷ್ಟು ದೂರವಾದರೂ ಹಕ್ಕು ನಡೆಯಲಿ ಎಂಬುದು ನನ್ನ ಮೊದಲ ಬೇಡಿಕೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ತಾಯಿಯನ್ನು ಒಪ್ಪಿಸಿ, ಹಳ್ಳದಾಚೆಯ ಮಕ್ಕಳ ಗುಂಪಿನ ಜೊತೆ ಮಾಡಿ, ಪ್ರೌಢಶಾಲೆಗೆ ಕರೆದುಕೊಂಡು ಹೋದೆ. “ಪ್ರವೇಶ ಮುಗಿದಿದೆ, ಜೂನ್‌ಗೆ ಬನ್ನಿ” ಎಂದರು. ಜೂನ್ ಬರುವಷ್ಟರಲ್ಲಿ ಅವಳಿಗೆ 14 ತುಂಬಿರುತ್ತಿತ್ತು. ಕಾಯ್ದೆಯ 15ನೆಯ ಕಲಂ ತೆರೆದು ತೋರಿಸಿದೆ: ವರ್ಷದ ಯಾವ ತಿಂಗಳಲ್ಲಿ ಬಂದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 4ನೆಯ ಕಲಂ ಕೂಡ ತೋರಿಸಿದೆ: ಹೀಗೆ ನಡುವೆ ಬಂದು ಸೇರಿದ ಮಗುವಿಗೆ ವಯಸ್ಸು 14 ದಾಟಿದರೂ ಎಂಟನೆಯ ತರಗತಿ ಮುಗಿಸುವ ಹಕ್ಕು ಉಳಿಯುತ್ತದೆ. ಕೇಳುತ್ತಿರುವ ತಂದೆ ತಾಯಿಯರು ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ, 4 ಮತ್ತು 15. ಅಂದೇ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಬಂತು.

ಏಪ್ರಿಲ್ 10ರಂದು ಫಲಿತಾಂಶ ಬಂತು, ಅವಳು ಪಾಸಾದಳು. ಅದೇ ದಿನ ಅವಳ ಹಕ್ಕೂ ಮುಗಿಯಿತು. ಒಂಬತ್ತನೆಯ ತರಗತಿಗೆ ಅವಳು ಹೋದದ್ದು ತಾಲ್ಲೂಕು ಕೇಂದ್ರದ ಬಾಲಕಿಯರ ಹಾಸ್ಟೆಲ್‌ನಲ್ಲಿ ಆ ವರ್ಷ ಒಂದು ಸೀಟು ಖಾಲಿ ಉಳಿದಿತ್ತೆಂಬ ಕಾರಣಕ್ಕೆ. ಉಳಿದ ಆರು ಮಕ್ಕಳ ಹೆಸರಿನ ಮುಂದೆ, ಆ ದಾಖಲಾತಿ ಪುಸ್ತಕದಲ್ಲಿ, ‘ಮುಂದಿನ ವ್ಯಾಸಂಗಕ್ಕಾಗಿ’ ಎಂಬ ನನ್ನ ಅಕ್ಷರಗಳು ಇಂದಿಗೂ ಹಾಗೆಯೇ ಇವೆ.

ನಮಸ್ಕಾರ.