ಸೌರ ಮಾರುತ ಮತ್ತು ಕೊಲಾಬಾದ ದಫ್ತರ

ಕೇಳುಗರೆಲ್ಲರಿಗೂ ನಮಸ್ಕಾರ.

ಗೇಟ್‌ವೇಯಲ್ಲಿ ಲಾಂಚ್ ಹತ್ತಿ, ಮಾಂಡವಾದಲ್ಲಿ ಇಳಿದು ಅಲಿಬಾಗ್ ನೋಡಿಬಂದ ಮುಂಬಯಿ ಕನ್ನಡಿಗರು ಬಹಳ ಮಂದಿ. ಕಡಲ ಕೋಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಲ್ಲೇ ಇರುವ ಭೂಕಾಂತ ವೀಕ್ಷಣಾಲಯದತ್ತ ತಿರುಗಿ ನೋಡುವವರು ಕಡಿಮೆ. ಸೂರ್ಯ ಕೆರಳಿದಾಗ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಿತೆಂದು ಬರೆದಿಡುವ ಜಾಗ ಅದು.

ಸೂರ್ಯನಿಂದ ವಿದ್ಯುದಾವೇಶದ ಕಣಗಳು ಎಡೆಬಿಡದೆ ಹೊರಹೊಮ್ಮುತ್ತವೆ, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ. ಇದೇ ಸೌರ ಮಾರುತ. ನಮ್ಮ ಭೂಮಿಯ ಕಾಂತಕ್ಷೇತ್ರ ಇದನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸುತ್ತದೆ. ಆದರೆ ಮಾರುತ ಹೊತ್ತುತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಎರಡೂ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಧ್ರುವಪ್ರದೇಶದ ಮೇಲೆ ವಿದ್ಯುತ್ ಪ್ರವಾಹವಾಗಿ ಹರಿದು ಅಲ್ಲಿನ ತೆಳುಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಾಲಿನಂತೆ ಉಕ್ಕುತ್ತದೆ. ಆಗ ಕೆಳಕಕ್ಷೆಯ ಉಪಗ್ರಹಕ್ಕೆ ನಿನ್ನೆ ಇಲ್ಲದ ಅಡ್ಡಿ ಇಂದು ಎದುರಾಗುತ್ತದೆ.

2022ರ ಫೆಬ್ರವರಿ 3ರಂದು ಅಂತರ್ಜಾಲ ಸೇವೆ ಕೊಡುವ ಸ್ಟಾರ್‌ಲಿಂಕ್‌ನ 49 ಉಪಗ್ರಹಗಳು ಹಾರಿದವು. ಅವು ಮೊದಲು ಸೇರಿದ ಕಕ್ಷೆ ಭೂಮಿಗೆ ಬರೀ 210 ಕಿಲೋಮೀಟರ್‌ವರೆಗೆ ಇಳಿಯುತ್ತಿತ್ತು. ಆಗ ಎದ್ದ ಕಾಂತ ಬಿರುಗಾಳಿ, ಅಂದರೆ ಸೌರ ಮಾರುತದಿಂದ ಭೂಮಿಯ ಕಾಂತಕ್ಷೇತ್ರಕ್ಕೆ ಆದ ಅಲುಗಾಟ, ಸಾಧಾರಣದ್ದೇ. ಆದರೂ ಗಾಳಿಯ ತಡೆ ಹಿಂದಿನ ಉಡಾವಣೆಗಳಿಗಿಂತ ಶೇಕಡಾ 50ರವರೆಗೆ ಹೆಚ್ಚಿ, ಮುಕ್ಕಾಲಕ್ಕೂ ಮಿಕ್ಕಿ ಉಪಗ್ರಹಗಳು ಕೆಳಗಿಳಿದು ಉರಿದುಹೋದವು.

ಸಾಧಾರಣದ್ದೇ ಹೀಗಾದರೆ ದೊಡ್ಡದು ಬಂದಾಗ? ಇದನ್ನು ಲೆಕ್ಕಹಾಕುವವರು ನಮ್ಮ ಮುಂಬಯಿಯ ಕೊಲಾಬಾದಲ್ಲಿದ್ದ ಹಳೆಯ ವೀಕ್ಷಣಾಲಯದ ದಫ್ತರವನ್ನೇ ತೆರೆಯಬೇಕು. 1859ರ ಸೆಪ್ಟೆಂಬರ್ 2ರಂದು ಅಲ್ಲಿನ ವೀಕ್ಷಣಾಲಯದಲ್ಲಿ ಭೂಕಾಂತ ಬಲ ಸುಮಾರು 1600 ನ್ಯಾನೋಟೆಸ್ಲಾ (ಕಾಂತಬಲ ಅಳೆಯುವ ಮಾನ) ಕುಸಿಯಿತು. ತಾನಾಗಿ ಬರೆದುಕೊಳ್ಳುವ ಯಂತ್ರ ಅಲ್ಲಿರಲಿಲ್ಲ. ಸಿಬ್ಬಂದಿ ಉಪಕರಣಕ್ಕೆ ಕಣ್ಣಿಟ್ಟು ಕೂತು ಅಂಕಿಗಳನ್ನು ಕೈಯಲ್ಲೇ ಬರೆದರು. ಅವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆ ಸಾಲುಗಳಿಲ್ಲದಿದ್ದರೆ ಆ ಬಿರುಗಾಳಿಯ ಅಳತೆ ನಮಗೆ ಇಷ್ಟು ಚೆನ್ನಾಗಿ ಸಿಗುತ್ತಿರಲಿಲ್ಲ. ಮುಂದೆ ಮುಂಬಯಿಗೆ ವಿದ್ಯುತ್ ಟ್ರಾಂ ಬರುವುದು ಖಚಿತವಾದಾಗ, ಅದರ ಪ್ರವಾಹದಿಂದ ಅಳತೆ ಕೆಡುತ್ತದೆಂದು 1904ರಲ್ಲಿ ಅಲಿಬಾಗ್‌ನಲ್ಲಿ ಈ ಕೆಲಸ ಶುರುವಾಯಿತು.

ಈಗ ಆಕಾಶದಲ್ಲೂ ಕಾವಲಿದೆ. ಸೂರ್ಯನನ್ನು ಗಮನಿಸುವ ಭಾರತದ ಆದಿತ್ಯ ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯನ ದಿಕ್ಕಿನಲ್ಲಿದೆ. ಅದರಲ್ಲಿರುವ ದೂರದರ್ಶಕಗಳಲ್ಲಿ ಒಂದನ್ನು ಸಿದ್ಧಪಡಿಸಿದ್ದು ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ. ಮಾರುತ ಆ ನೌಕೆಯನ್ನು ದಾಟಿ ನಮ್ಮನ್ನು ಮುಟ್ಟಲು ಹೆಚ್ಚುಕಡಿಮೆ ಒಂದು ತಾಸು ಹಿಡಿಯುತ್ತದೆ. ಬಿರುಸಾಗಿದ್ದರೆ ಅರ್ಧ ತಾಸು. ಅಷ್ಟರೊಳಗೆ ಸುದ್ದಿ ಮುಟ್ಟಿದರೆ ಉಪಗ್ರಹ ನಡೆಸುವವರು ಸೂಕ್ಷ್ಮ ಉಪಕರಣಗಳನ್ನು ಆರಿಸಬಹುದು, ಗಾಳಿಗೆ ಅಗಲ ಮೈ ಒಡ್ಡದಂತೆ ಉಪಗ್ರಹವನ್ನು ಅಂಚಿಗೆ ತಿರುಗಿಸಬಹುದು.